ಹಿತ್ತಲ ತರಕಾರಿ, ಹಿತ್ತಲ ಕಸ: ಮಾಡಬೇಕಾದ್ದು, ಮಾಡಬಾರದ್ದು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳಲ್ಲಿ ಮನೆಯ ಹಿಂದೆ ಅರ್ಧ ಗುಂಟೆಯೋ ಎರಡು ಗುಂಟೆಯೋ ನೆಲ ಇರುವ ಎಲ್ಲರ ಗಮನಕ್ಕೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಹಿತ್ತಲಿಗೆ ಕಳೆನಾಶಕ ತರಬೇಡಿ. ಒಂದು ಮುಚ್ಚಳದಷ್ಟೂ ಬೇಡ. ಕೆಳಗೆ ಬರೆದಿರುವುದರಲ್ಲಿ ಬೇರೇನನ್ನು ಮರೆತರೂ ನಡೆದೀತು, ಇದನ್ನು ಮಾತ್ರ ಮರೆಯಬಾರದು. ಹೊಲದ ಗೋವಿನಜೋಳಕ್ಕೋ ಕಬ್ಬಿಗೋ ಹೊಡೆದು ಪಂಪಿನಲ್ಲಿ ಉಳಿದದ್ದನ್ನು ‘ಚೆಲ್ಲೋದ್ಯಾಕೆ’ ಎಂದು ಹಿತ್ತಲ ಕಸದ ಮೇಲೆ ಬಿಡುವವರನ್ನು ನಾನು ಕಂಡಿದ್ದೇನೆ. ಅದೇ ಹಿತ್ತಲಲ್ಲಿ ಮರುವಾರ ಹರಿವೆ ಕಿತ್ತು ಸಾರು ಮಾಡುತ್ತಾರೆ. ಮಕ್ಕಳು ಅಲ್ಲೇ ಆಡುತ್ತವೆ, ಕೋಳಿ ಅಲ್ಲೇ ಕೆದಕುತ್ತವೆ, ಐದಾರು ಮಾರು ದೂರದಲ್ಲಿ ಬಾವಿ ಇರುತ್ತದೆ.

ಯಾವುದು ಏನು ಮಾಡುತ್ತದೆಂದು ತಿಳಿದಿರಲಿ. ಅಟ್ರಾಜಿನ್ ಗೋವಿನಜೋಳಕ್ಕೆ, ಕಬ್ಬಿಗೆ ತೊಂದರೆ ಮಾಡದು. ಆದರೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಕೂತು, ಆಮೇಲೆ ಊರಿದ ಸೌತೆ, ಹೀರೆ, ಬೀನ್ಸ್ ಸಸಿಗಳನ್ನು ಅಂಚಿನಿಂದ ಹಳದಿ ಮಾಡಿ ಒಣಗಿಸುತ್ತದೆ. 2,4-ಡಿ ಅಗಲ ಎಲೆಯ ಗಿಡಗಳನ್ನು ಕೊಲ್ಲಲೆಂದೇ ಮಾಡಿದ್ದು. ನಮ್ಮ ಹಿತ್ತಲ ತರಕಾರಿಯೆಲ್ಲ ಹೆಚ್ಚುಕಡಿಮೆ ಅಗಲ ಎಲೆಯವೇ. ಗ್ಲೈಫೋಸೇಟ್‌ಗೆ ನಮ್ಮ ದೇಶದಲ್ಲಿ ಅನುಮತಿ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆಯಿಲ್ಲದ ಜಾಗಕ್ಕೆ ಮಾತ್ರ, ತರಕಾರಿಗೆ ಎಂದೂ ಇರಲಿಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ ಸಾಲಿಗೆ ಸೇರಿಸಿತು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಕೀಟ ನಿಯಂತ್ರಣದ ಪರವಾನಗಿ ಇದ್ದವರ ಹೊರತು ಬೇರೆ ಯಾರೂ ಇದನ್ನು ಬಳಸಕೂಡದೆಂದು ಅಧಿಸೂಚನೆ ಹೊರಡಿಸಿತು. ಇನ್ನು ಪ್ಯಾರಾಕ್ವಾಟ್. ಇದು ಒಂದು ಗುಟುಕು ಹೊಟ್ಟೆಗೆ ಹೋದರೆ ಪ್ರತಿವಿಷ ಇಲ್ಲ. ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಇದನ್ನು ತುಂಬಿ ಹಿತ್ತಲ ಬಾಗಿಲ ಮೂಲೆಯಲ್ಲಿ ಇಡುವುದು ಮನೆಯವರ ಜೀವಕ್ಕೇ ಕುತ್ತು ತರುವ ಕೆಲಸ.

ಪಂಪಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹೊಲದಲ್ಲಿ ಕಳೆನಾಶಕ ಹೊಡೆದ ಪಂಪನ್ನು ಹಿತ್ತಲ ಗಿಡಕ್ಕೆ ಬೇವಿನ ಕಷಾಯ ಹೊಡೆಯಲು ಕೂಡ ಬಳಸಬೇಡಿ. ಒಂದು ವರ್ಷ ನಾನು ಎರವಲು ತಂದ ಪಂಪನ್ನು ಮೂರು ಸಲ ನೀರಿನಲ್ಲಿ ತೊಳೆದು, ಅದರಲ್ಲೇ ಟೊಮೆಟೊಗೆ ಬೇವಿನ ಕಷಾಯ ಹೊಡೆದೆ. ನಾಲ್ಕನೆಯ ದಿನಕ್ಕೆ ಸುಳಿಗಳೆಲ್ಲ ಕೆಳಕ್ಕೆ ತಿರುಚಿಕೊಂಡವು, ಹೊಸ ಎಲೆ ದಾರದಂತೆ ಸಣ್ಣಗೆ ಎಳೆದುಕೊಂಡು ಬಂದವು. ಮೂವತ್ತು ಗಿಡದಲ್ಲಿ ಒಂದೂ ಕಾಯಿ ಹಿಡಿಯಲಿಲ್ಲ. 2,4-ಡಿ ಪಂಪಿನ ರಬ್ಬರು ನಳಿಕೆಯೊಳಗೆ ಕೂತುಬಿಡುತ್ತದೆ, ಬರೀ ನೀರಿಗೆ ಬಿಡುವುದಿಲ್ಲ. ಟೊಮೆಟೊ, ಬೆಂಡೆ, ಹತ್ತಿ ಇವಕ್ಕೆ ಅದರ ವಾಸನೆಯಷ್ಟು ತಾಗಿದರೂ ಸಾಕು. ಹಿತ್ತಲಿಗೆ ಬೇರೆಯದೇ ಒಂದು ಸಣ್ಣ ಕೈಪಂಪು ಇಟ್ಟುಕೊಳ್ಳಿ.

ಪಕ್ಕದ ಹೊಲದವರು ಕಳೆನಾಶಕ ಹೊಡೆಯುವವರಿದ್ದರೆ ಮೊದಲೇ ಹೋಗಿ ಮಾತಾಡಿ. ಗಾಳಿ ನಿಮ್ಮ ಮನೆಯತ್ತ ಬೀಸುವ ಹೊತ್ತಿನಲ್ಲಿ ಹೊಡೆಯಬೇಡಿ ಎಂದು ಕೇಳಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ.

ಉಪ್ಪು, ಸೀಮೆಎಣ್ಣೆ, ಡೀಸೆಲ್, ಗಾಡಿಯ ಸುಟ್ಟ ಎಣ್ಣೆ ಇವನ್ನು ಸುರಿದು ಕಸ ಸಾಯಿಸುವುದೂ ಬೇಡ. ರಸ್ತೆ ಬದಿಯ ಪಾರ್ಥೇನಿಯಂಗೆ ಉಪ್ಪುನೀರು ಹೊಡೆಯಿರಿ ಎಂಬ ಸಲಹೆ ಬೆಳೆ ತೆಗೆಯದ ಜಾಗಕ್ಕಾಗಿ ಕೊಟ್ಟದ್ದು. ಅದನ್ನು ತರಕಾರಿ ಮಡಿಗೆ ತಂದರೆ ಕಸದ ಜೊತೆ ಮಣ್ಣೂ ಹೋಗುತ್ತದೆ.

ನಿಮ್ಮ ನೆಲ ಯಾವುದು, ಅದನ್ನು ಮೊದಲು ನೋಡಿ

ನಾಲ್ಕೂ ತಾಲೂಕಿಗೆ ಒಂದೇ ಲೆಕ್ಕ ಹಾಕಬೇಡಿ. ಕ್ಯಾಸಲ್‌ರಾಕ್, ಅಣಶಿ ಕಡೆ ಸುರಿಯುವ ಮಳೆಯ ಅರ್ಧವೂ ಮುಂಡಗೋಡಿಗೆ ಬರುವುದಿಲ್ಲ. ಜೋಯಿಡಾದ ಜಂಬಿಟ್ಟಿಗೆ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿದೆ. ಹಳಿಯಾಳದಿಂದ ಧಾರವಾಡದ ಕಡೆ ಸರಿದಂತೆ ನೆಲ ಕಪ್ಪಾಗುತ್ತ, ಅಂಟಾಗುತ್ತ ಹೋಗುತ್ತದೆ. ದಾಂಡೇಲಿ ಪೇಟೆಯ ಹೊಸ ಬಡಾವಣೆಗಳಲ್ಲಿ ಹಿತ್ತಲೆಂದರೆ ಹಲವು ಕಡೆ ಮನೆ ಕಟ್ಟಿದ ಮೇಲೆ ತುಂಬಿದ ಹೊರಗಿನ ಮಣ್ಣು.

ಹಾಗಾಗಿ ಜೋಯಿಡಾದವರು, ದಾಂಡೇಲಿಯ ಕಾಡಂಚಿನವರು ಮಳೆಗಾಲಕ್ಕೆ ಮಡಿಯನ್ನು ಕನಿಷ್ಠ ಒಂದು ಅಡಿ ಏರಿಸಿ, ಸುತ್ತ ಕಾಲುವೆ ಬಿಡಿ. ನೀರು ಒಂದು ಹಗಲು ನಿಂತರೆ ಬದನೆ, ಟೊಮೆಟೊ, ಮೆಣಸಿನ ಬೇರು ಕೊಳೆಯುತ್ತದೆ. ಮುಂಡಗೋಡ, ಹಳಿಯಾಳದಲ್ಲಿ ಅರ್ಧ ಅಡಿ ಏರು ಸಾಕು, ಬೇಸಿಗೆಯಲ್ಲಿ ಅದನ್ನೂ ತಗ್ಗಿಸಿ ನೀರು ನಿಲ್ಲುವಂತೆ ಬದು ಕಟ್ಟಬೇಕು. ಮಡಿಯ ಅಗಲ ಎಲ್ಲಿಯೇ ಆಗಲಿ ನಾಲ್ಕು ಅಡಿ ದಾಟಬಾರದು. ಎರಡೂ ಬದಿಯಿಂದ ಕೈ ನಡುವಿಗೆ ತಲುಪಬೇಕು. ಕಾಲಿಟ್ಟು ತುಳಿದ ಮಡಿ ಗಟ್ಟಿಯಾಗುತ್ತದೆ, ಗಟ್ಟಿ ನೆಲದಲ್ಲಿ ತರಕಾರಿಗಿಂತ ಗರಿಕೆಯೇ ಮೊದಲು ಬೇರು ಬಿಡುತ್ತದೆ.

ಸುಣ್ಣ ಹಾಕುವುದಾದರೆ ಮಣ್ಣು ಪರೀಕ್ಷೆ ಮಾಡಿಸಿ ಹಾಕಿ. ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಶಿರಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಜೋಯಿಡಾದ ಹುಳಿ ಮಣ್ಣಿಗೆ ಒಳ್ಳೆಯದೆಂದು ಕೇಳಿ ಹಳಿಯಾಳದ ಕರಿನೆಲಕ್ಕೆ ಸುಣ್ಣವನ್ನೋ ಒಲೆಯ ಬೂದಿಯನ್ನೋ ಬುಟ್ಟಿಗಟ್ಟಲೆ ಸುರಿಯಬೇಡಿ. ಗೊಬ್ಬರ ಹಾಕಿದ ದಿನವೇ ಸುಣ್ಣ ಬೇಡ, ಎರಡರ ನಡುವೆ ಎರಡು ಮೂರು ವಾರ ಬಿಡಿ.

ಟ್ರಾಕ್ಟರಿನಲ್ಲಿ ಕೆಂಪು ಮಣ್ಣು ತರಿಸುವ ಮುಂಚೆ ಅದು ಎಲ್ಲಿಂದ ಬರುತ್ತದೆಂದು ಹೋಗಿ ನೋಡಿ. ಅಲ್ಲಿ ಜೇಕು ಕಂಡರೆ, ಪಾರ್ಥೇನಿಯಂ ಕಂಡರೆ, ಎಷ್ಟೇ ಅಗ್ಗವಾದರೂ ಬೇಡ. ನರ್ಸರಿಯ ಚೀಲದ ಮಣ್ಣಿನಲ್ಲೂ ಜೇಕಿನ ಗಡ್ಡೆ ಬರುತ್ತದೆ. ಸಸಿ ನೆಡುವಾಗ ಮಣ್ಣನ್ನು ಬೆರಳಿನಿಂದ ಬಿಡಿಸಿ ನೋಡಿ, ಕಡಲೆಕಾಳಿನಷ್ಟು ಕರಿಯ ಗಟ್ಟಿ ಗಡ್ಡೆ ಸಿಕ್ಕರೆ ತೆಗೆದುಹಾಕಿ.

ಮಳೆಗೆ ಮುಂಚೆ ಮಾಡುವ ಕೆಲಸ

ಕಳೆಯ ಅರ್ಧ ಕೆಲಸ ಮೇ ತಿಂಗಳಲ್ಲೇ ಮುಗಿಯಬೇಕು. ಇದನ್ನು ನಮ್ಮವರು ಹೊಲಕ್ಕೆ ಮಾಡುತ್ತಾರೆ, ಹಿತ್ತಲಿಗೆ ಮಾಡುವುದಿಲ್ಲ. ಅದೇ ತಪ್ಪು.

ಎಪ್ರಿಲ್ ಮೇ ತಿಂಗಳ ಅಡ್ಡಮಳೆ ಬಿದ್ದ ಕೂಡಲೇ ಮಡಿ ಅಗೆದು ಹದ ಮಾಡಿ, ಗೊಬ್ಬರ ಬೆರೆಸಿ, ಆದರೆ ಬೀಜ ಹಾಕಬೇಡಿ. ಹಾಗೇ ಬಿಡಿ. ಹತ್ತು ಹನ್ನೆರಡು ದಿನದಲ್ಲಿ ಮೇಲ್ಪದರದ ಕಸದ ಬೀಜವೆಲ್ಲ ಎರಡೆಲೆ ಒಡೆದು ಏಳುತ್ತವೆ. ಬಿಸಿಲಿರುವ ಒಂದು ಬೆಳಿಗ್ಗೆ ಕುರ್ಪಿ ಹಿಡಿದು ಅರ್ಧ ಇಂಚಿನಷ್ಟೇ ಕೆರೆದುಬಿಡಿ. ಆಳಕ್ಕೆ ಅಗೆಯಬಾರದು. ಅಗೆದರೆ ತಳದಲ್ಲಿ ಮಲಗಿದ್ದ ಬೀಜವನ್ನು ನೀವೇ ಎಬ್ಬಿಸಿ ಮೇಲಕ್ಕೆ ತಂದಂತೆ. ಅವಕಾಶವಿದ್ದರೆ ಇನ್ನೊಂದು ಮಳೆ ಕಾದು ಮತ್ತೊಮ್ಮೆ ಕೆರೆಯಿರಿ. ಆಮೇಲೆ ಬಿತ್ತಿ. ಹೀಗೆ ಎರಡು ಸಲ ಕೆರೆದ ಮಡಿಯಲ್ಲಿ ಹರಿವೆ, ಕೊತ್ತಂಬರಿಯಂಥ ಸಣ್ಣ ಬೀಜದ ಬೆಳೆಗಳು ಕಸದ ಕೆಳಗೆ ಸಿಕ್ಕಿ ಸಾಯುವುದಿಲ್ಲ.

ಜೇಕು, ಗರಿಕೆ ತುಂಬಿದ ಮಡಿಗೆ ಇಷ್ಟು ಸಾಲದು. ಎಪ್ರಿಲ್ ಮೊದಲಲ್ಲೇ ಅದನ್ನು ಒಂದು ಅಡಿ ಆಳ ಅಗೆದು, ಹೆಂಟೆ ಹೊರಳಿಸಿ, ಬೇರು ಗಡ್ಡೆ ಮೇಲೆ ಬರುವಂತೆ ಬಿಸಿಲಿಗೆ ಬಿಡಿ. ವಾರಕ್ಕೊಮ್ಮೆ ಹೊರಳಿಸಿ, ಕೈಗೆ ಸಿಕ್ಕಿದ್ದನ್ನು ಆರಿಸಿ. ಇಲ್ಲವೇ ಮಡಿಯನ್ನು ಚೆನ್ನಾಗಿ ತೋಯಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಿ. ಹಾಳೆ ಪಾರದರ್ಶಕವೇ ಆಗಿರಬೇಕು. ಒಳಗಿನ ಮಣ್ಣು ಕುದಿಬಿಸಿಯಾಗಿ ಸಣ್ಣ ಬೀಜಗಳು ಸಾಯುತ್ತವೆ, ಟೊಮೆಟೊ ಬದನೆಗೆ ಸೊರಗು ತರುವ ಅಣುಜೀವಿಗಳೂ ಕಡಿಮೆಯಾಗುತ್ತವೆ. ಜೇಕಿನ ಆಳದ ಗಡ್ಡೆ ಇದಕ್ಕೂ ಪೂರ್ತಿ ಬಗ್ಗುವುದಿಲ್ಲ, ಮುಂದೆ ಕೈಕೆಲಸ ಉಳಿದೇ ಇರುತ್ತದೆ.

ಯಾವ ಕಸಕ್ಕೆ ಯಾವ ಕೈ

ಜೇಕನ್ನು ಎಲೆ ಹಿಡಿದು ಕೀಳಬೇಡಿ. ಎಲೆ ಕೈಗೆ ಬರುತ್ತದೆ, ಗಡ್ಡೆ ನೆಲದಲ್ಲಿ ಉಳಿಯುತ್ತದೆ. ಒಂದು ಗಡ್ಡೆಗೆ ಮಣಿಸರದಂತೆ ಇನ್ನಷ್ಟು ಗಡ್ಡೆ ಪೋಣಿಸಿಕೊಂಡಿರುತ್ತವೆ, ಮೇಲಿನದು ಹೋದ ಕೂಡಲೇ ಕೆಳಗಿನವು ಚಿಗುರುತ್ತವೆ. ಸಣ್ಣ ಗುದ್ದಲಿ ಅಥವಾ ಚೂಪು ಕುರ್ಪಿ ಆಳಕ್ಕೆ ಇಳಿಸಿ, ಸರ ಸಮೇತ ಎತ್ತಿ. ಎತ್ತಿದ್ದನ್ನು ತಿಪ್ಪೆಗೆ ಹಾಕಬೇಡಿ, ಕಲ್ಲಿನ ಮೇಲೆ ವಾರ ಒಣಗಿಸಿ. ಪ್ಲಾಸ್ಟಿಕ್ ಮಲ್ಚಿಂಗ್ ಹಾಳೆ ಹಾಸಿದರೆ ಜೇಕು ಹೋಯಿತೆಂದು ನಂಬಿ ದುಡ್ಡು ಹಾಕುವವರಿದ್ದಾರೆ. ಅದರ ಮೊಳಕೆ ಸೂಜಿಯ ಹಾಗೆ ಹಾಳೆಯನ್ನೇ ಚುಚ್ಚಿಕೊಂಡು ಬರುತ್ತದೆ. ನೆರಳು ಮಾತ್ರ ಇದಕ್ಕೆ ಆಗದು. ಜೇಕಿನ ಜಾಗದಲ್ಲಿ ಸಿಹಿಗೆಣಸು, ಕುಂಬಳ, ಅಲಸಂದೆಯಂಥ ನೆಲ ಮುಚ್ಚುವ ಬೆಳೆಯನ್ನೇ ಎರಡು ಹಂಗಾಮು ಸತತವಾಗಿ ಹಾಕಿ.

ಗರಿಕೆಯ ನೆಲಕ್ಕೆ ಟಿಲ್ಲರ್, ರೋಟವೇಟರ್ ಹೊಡೆಸಬೇಡಿ. ಯಂತ್ರ ಬೇರನ್ನು ಗೆಣ್ಣುಗೆಣ್ಣಾಗಿ ಕತ್ತರಿಸುತ್ತದೆ, ಒಂದೊಂದು ಗೆಣ್ಣೂ ಒಂದೊಂದು ಗಿಡವಾಗುತ್ತದೆ. ಒಂದು ಮೂಲೆಯಲ್ಲಿದ್ದ ಗರಿಕೆ ಮರುವರ್ಷ ಹಿತ್ತಲ ತುಂಬ ಇರುತ್ತದೆ. ಇದಕ್ಕೆ ಸಲಿಕೆ, ಬಿಸಿಲು, ತಾಳ್ಮೆ ಇವೇ ಮದ್ದು.

ಪಾರ್ಥೇನಿಯಂ, ನಮ್ಮ ಕಡೆಯ ಕಾಂಗ್ರೆಸ್ ಕಸ, 1950ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಇಂದು ಹಳಿಯಾಳದ ಪ್ರತಿ ಬೀದಿಯಲ್ಲಿದೆ. ಇದನ್ನು ಬರಿಗೈಲಿ ಮುಟ್ಟಬೇಡಿ. ಚರ್ಮಕ್ಕೆ ತುರಿಕೆ, ಉಸಿರಿಗೆ ಉಬ್ಬಸ ತರುತ್ತದೆ, ಒಮ್ಮೆ ಅಂಟಿಕೊಂಡ ಚರ್ಮದ ಬೇನೆ ವರ್ಷಗಟ್ಟಲೆ ಬಿಡುವುದಿಲ್ಲ. ಕೈಗೆ ರಬ್ಬರು ಗವಸು, ಇಲ್ಲವಾದರೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿ, ಮೂಗಿಗೆ ಬಟ್ಟೆ ಕಟ್ಟಿ. ಮಳೆಯಾಗಿ ನೆಲ ಮೆತ್ತಗಿರುವಾಗ ಬೇರು ಸಮೇತ ಕೀಳಿ. ಬಿಳಿ ಹೂ ಕಾಣುವ ಮುಂಚೆಯೇ ಕೀಳಬೇಕು. ಒಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸುತ್ತದೆ, ನಾಲ್ಕೈದು ವಾರದಲ್ಲಿ ಹೂವಿಗೆ ಬರುತ್ತದೆ. ಹೂವಾದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಲೇಬಾರದು.

ಎಲೆ ತಿನ್ನುತ್ತಿರುವ, ಬಿಳಿಯ ಬೆನ್ನಿನ ಮೇಲೆ ಕಂದು ಗೆರೆ ಇರುವ ಸಣ್ಣ ದುಂಬಿಯನ್ನು ಪಾರ್ಥೇನಿಯಂ ಮೇಲೆ ಕಂಡರೆ ಕೊಲ್ಲಬೇಡಿ. ಅದು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತಾನ, ಈ ಕಸವನ್ನು ತಿಂದು ಸೊರಗಿಸುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಭತ್ತದ ತಳಿವಿಜ್ಞಾನಿ ಡಾ. ಎಂ. ಮಹದೇವಪ್ಪ ಈ ಒಂದು ಕಳೆಯ ನಿರ್ವಹಣೆಯ ಮೇಲೆಯೇ ಪುಸ್ತಕ ಬರೆದರು. ತಗಚೆಯ ಕುಲದ ಗಿಡಗಳು ಒತ್ತೊತ್ತಾಗಿ ಎದ್ದ ಕಡೆ ಪಾರ್ಥೇನಿಯಂ ಹಿಂದೆ ಸರಿಯುತ್ತದೆ ಎಂಬುದು ಧಾರವಾಡದ ಸುತ್ತಮುತ್ತ ಕಂಡುಕೊಂಡ ಸತ್ಯ. ಬೇಲಿಯ ಹೊರಗೆ, ರಸ್ತೆ ಬದಿಯಲ್ಲಿ ತಗಚೆ ಎದ್ದರೆ ಕೀಳದೆ ಬಿಡಿ.

ಯುಪಟೋರಿಯಂ, ಅಂದರೆ ಕಮ್ಯುನಿಸ್ಟ್ ಗಿಡ, ಜೋಯಿಡಾ ದಾಂಡೇಲಿಯ ಬೇಲಿಗುಂಟ ಆಳೆತ್ತರ ಬೆಳೆಯುತ್ತದೆ. ಚಳಿಗಾಲದಲ್ಲಿ ಹೂ ಬಿಟ್ಟು, ಬೀಜ ಹತ್ತಿಯಂತೆ ಹಾರುತ್ತದೆ. ದೀಪಾವಳಿಗೂ ಮುಂಚೆ ಕಡಿದು ಮಡಿಗೆ ಹಸಿರು ಮುಚ್ಚಿಗೆಯಾಗಿ ಹಾಕಿದರೆ ಒಳ್ಳೆಯ ಗೊಬ್ಬರ. ಸಂಕ್ರಾಂತಿ ಕಳೆದ ಮೇಲೆ ಕಡಿದು ತಂದರೆ ಬೀಜ ಬಿತ್ತಿದ ಹಾಗೆ. ದನಕ್ಕೆ ಹಾಕಬೇಡಿ.

ನಾಚಿಕೆ ಮುಳ್ಳು, ನಾಯಿತುಳಸಿ, ಉತ್ತರಾಣಿ ಇವಕ್ಕೆ ಬೇರೆ ನಿಯಮವಿಲ್ಲ. ಹೂವಿಗೆ ಮುಂಚೆ ಕೀಳಿ, ಅಷ್ಟೆ.

ಎಷ್ಟು ದಿನ ಕೀಳಬೇಕು? ಸಸಿ ನೆಟ್ಟ ದಿನದಿಂದ ಮೊದಲ ಮೂವತ್ತು ನಲವತ್ತು ದಿನ ಮಡಿಯಲ್ಲಿ ಕಸ ಇರಕೂಡದು. ಬೆಳೆ ಸೋಲುವುದು ಆ ದಿನಗಳಲ್ಲಿ. ಆಮೇಲೆ ಬೆಂಡೆ, ಬದನೆಯ ಎಲೆ ನೆಲದ ಮೇಲೆ ನೆರಳು ಕಟ್ಟಿದರೆ ಸಣ್ಣ ಪುಟ್ಟ ಕಸ ಬಂದರೂ ಹೆದರಬೇಕಿಲ್ಲ, ಹೂವಾಗದಂತೆ ಸವರಿದರೆ ಸಾಕು. ಮೂರು ವಾರ ಬಿಟ್ಟು ಒಂದು ಇಡೀ ಭಾನುವಾರ ಕೂತು ಕಿತ್ತು ಸೊಂಟ ನೋಯಿಸಿಕೊಳ್ಳುವುದಕ್ಕಿಂತ ದಿನಾ ಬೆಳಿಗ್ಗೆ ಕಾಲು ಗಂಟೆ ಕೂರಿ. ಹಲ್ಲುಜ್ಜುವ ಹೊತ್ತಿನಲ್ಲಿ ಒಂದು ಮಡಿ ಮುಗಿಯುತ್ತದೆ.

ಕೀಳುವ ಮುಂಚೆ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ

ಹಿತ್ತಲಲ್ಲಿ ತಾನಾಗಿ ಹುಟ್ಟಿದ್ದೆಲ್ಲ ಕಸವಲ್ಲ. ಮೊದಲ ಮಳೆಗೆ ಏಳುವ ಎಳೆ ತಗಚೆಯ ಪಲ್ಯ ನಮ್ಮ ಕೊಂಕಣಿ ಮನೆಗಳಲ್ಲಿ ವರ್ಷಕ್ಕೊಮ್ಮೆ ಆಗಲೇಬೇಕು. ಗೋಳಿಸೊಪ್ಪು, ಹೊನಗೊನೆ, ಒಂದೆಲಗ, ಕೀರೆ, ಗಣಿಕೆ, ಕನ್ನೆಕುಡಿ ಇವನ್ನೆಲ್ಲ ಸೇರಿಸಿ ಮಾಡಿದ ಬೆರಕೆ ಸೊಪ್ಪಿನ ಸಾರಿಗೆ ಪೇಟೆಯ ಯಾವ ಸೊಪ್ಪೂ ಸಮವಲ್ಲ. ಇವು ಕಸದ ಜಾಗವನ್ನು ಹಿಡಿದುಕೊಂಡು, ಕಸ ಮಾಡದ ಉಪಕಾರ ಮಾಡುತ್ತವೆ. ಒಂದೆಲಗವನ್ನು ಬಚ್ಚಲ ಕಾಲುವೆಯ ಪಕ್ಕದ ತಂಪಿಗೆ ಸರಿಸಿ ನೆಡಿ, ಹೊನಗೊನೆಗೆ ಒಂದು ಮೂಲೆ ಕೊಡಿ.

ಆದರೆ ಗುರುತು ಸಿಗದ ಸೊಪ್ಪನ್ನು ಊಹೆಯಿಂದ ತಿನ್ನಬಾರದು. ಉಮ್ಮತ್ತಿಯ ಎಳೆ ಸಸಿ ಹರಿವೆ ಕೀರೆಗಳ ನಡುವೆ ಏಳುತ್ತದೆ, ಅದು ವಿಷ. ಗಣಿಕೆಯ ಹಸಿರು ಕಾಯಿ ತಿನ್ನಬೇಡಿ, ಕಪ್ಪಾಗಿ ಹಣ್ಣಾದದ್ದು ಮಾತ್ರ. ರಸ್ತೆ ಬದಿಯಿಂದ, ಹೊಲದ ಬದುವಿನಿಂದ ಸೊಪ್ಪು ಕೊಯ್ಯಬೇಡಿ. ಅಲ್ಲಿ ಯಾರು ಏನು ಹೊಡೆದಿದ್ದಾರೆಂದು ಗೊತ್ತಾಗುವುದಿಲ್ಲ.

ಬರಿನೆಲ ಬಿಡಬಾರದು

ಕಾಡಿನಲ್ಲಿ ಬರಿನೆಲ ಎಲ್ಲಿದೆ ಹೇಳಿ. ಅದಕ್ಕೇ ಅಲ್ಲಿ ಜೇಕು ಇಲ್ಲ. ಹಿತ್ತಲಲ್ಲಿ ನಾವು ಗುಡಿಸಿ, ಕೆರೆದು, ಸಾರಿಸಿದಂತೆ ಇಡುತ್ತೇವೆ. ಬಿಸಿಲು ನೇರ ನೆಲಕ್ಕೆ ಬೀಳುತ್ತದೆ, ಬೀಜ ಏಳುತ್ತದೆ.

ನಮ್ಮ ನಾಲ್ಕು ತಾಲೂಕಿನವರಿಗೆ ಮುಚ್ಚಿಗೆಗೆ ಬರವಿಲ್ಲ. ಹಳಿಯಾಳದಲ್ಲಿ ಕಬ್ಬಿನ ರವದಿ ಇದೆ, ಅದನ್ನು ಹೊಲದಲ್ಲಿ ಸುಡುತ್ತಾರೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಮುಂಡಗೋಡದಲ್ಲಿ ಭತ್ತದ ಹುಲ್ಲು, ಗೋವಿನಜೋಳದ ದಂಟು ಇದೆ. ದಾಂಡೇಲಿಯ ಮನೆಗಳ ಮುಂದೆ ಸಾಗವಾನಿ ಎಲೆ ಬಿದ್ದು ಹರಡಿರುತ್ತದೆ. ಸಾಗವಾನಿ ಎಲೆಯನ್ನು ಹಾಗೆಯೇ ಹಾಸಿದರೆ ತಟ್ಟೆಯ ಹಾಗೆ ಕೂತು ಮಳೆನೀರು ಕೆಳಗಿಳಿಯಲು ಬಿಡುವುದಿಲ್ಲ, ಕೈಯಲ್ಲಿ ಹರಿದು ಹಾಕಿ. ಹಳೆಯ ರಟ್ಟಿನ ಪೆಟ್ಟಿಗೆ ಬಿಡಿಸಿ, ಟೇಪು ಪಿನ್ನು ಕಿತ್ತು, ತೋಯಿಸಿ ನೆಲಕ್ಕೆ ಹಾಸಿ, ಮೇಲೆ ಎಲೆ ಹರಡಿದರೆ ದಾರಿಯ ಕಸ ಏಳುವುದಿಲ್ಲ. ಮರದ ಹೊಟ್ಟನ್ನು ಹಸಿಯಾಗಿ ಮಣ್ಣಿಗೆ ಬೆರೆಸಬೇಡಿ. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತದೆ, ಗಿಡ ಹಳದಿಯಾಗುತ್ತದೆ. ಸಗಣಿ ನೀರು ಚಿಮುಕಿಸಿ ಒಂದು ವರ್ಷ ಕೊಳೆಸಿ ಬಳಸಿ. ಕಾರ್ಖಾನೆಗಳ ಬೂದಿ, ಕೆಸರು ಪರೀಕ್ಷೆಯಿಲ್ಲದೆ ತರಕಾರಿ ಮಡಿಗೆ ಬೇಡವೇ ಬೇಡ.

ಮುಚ್ಚಿಗೆಯ ದಪ್ಪ ಮೂರು ನಾಲ್ಕು ಇಂಚು ಇರಲಿ, ಕಾಂಡದಿಂದ ಎರಡು ಬೆರಳು ದೂರ ಇರಲಿ. ಒಂದು ಎಚ್ಚರಿಕೆ ಜೋಯಿಡಾದವರಿಗೆ: ಜುಲೈ ಆಗಸ್ಟಿನ ಬಿಡದ ಮಳೆಯಲ್ಲಿ ದಪ್ಪ ಮುಚ್ಚಿಗೆ ಬೇಡ. ಬಸವನಹುಳು ಅಡಗುತ್ತದೆ, ಬುಡ ಕೊಳೆಯುತ್ತದೆ. ಆಗ ತೆಳ್ಳಗೆ ಇಟ್ಟು, ಮಳೆ ಹಿಂದೆ ಸರಿದ ಮೇಲೆ ದಪ್ಪ ಹಾಕಿ. ಹುಲ್ಲು ಬಳಸುವವರು ಕಾಳು ಉಳಿದಿಲ್ಲವೆಂದು ಬಡಿದು ನೋಡಿ, ಇಲ್ಲದಿದ್ದರೆ ಮಡಿಯಲ್ಲಿ ಭತ್ತದ ಸಸಿ ಕೀಳುತ್ತ ಕೂರಬೇಕಾಗುತ್ತದೆ.

ನೆಲ ಮುಚ್ಚಿಡುವುದನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಜೋಯಿಡಾದ ಕುಣಬಿ ಮನೆಯ ಹಿತ್ತಲಿಗೆ ಹೋಗಿ. ಕೋನ, ಕಾಟೆ ಕಣಗ, ಮುಡ್ಲಿ ಎಂದು ಅವರು ಕರೆಯುವ ಗೆಡ್ಡೆಗಳನ್ನು ಮಣ್ಣು ಏರಿಸಿ ನೆಟ್ಟು, ಮೇಲೆ ಎಲೆ ಮುಚ್ಚಿರುತ್ತಾರೆ. ಬಳ್ಳಿ ಮೇಲೆ ಹಬ್ಬುತ್ತದೆ, ಕೆಸುವಿನ ಅಗಲ ಎಲೆ ಕೆಳಗೆ ನೆರಳು ಕೊಡುತ್ತದೆ, ಕಸಕ್ಕೆ ಜಾಗವೇ ಇರುವುದಿಲ್ಲ. ಜೋಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳದಲ್ಲಿ ಕುಣಬಿ ಹೆಂಗಸರು ಸಾಲಾಗಿ ಜೋಡಿಸಿಟ್ಟ ಗೆಡ್ಡೆಗಳಿಗೆ ಯಾವ ಕಳೆನಾಶಕವೂ ತಾಗಿಲ್ಲ. ಅವರ ಹತ್ತಿರ ಬೀಜದ ಗೆಡ್ಡೆ ಕೊಳ್ಳಿ, ಹೇಗೆ ನೆಡುವುದೆಂದು ಕೇಳಿ ತಿಳಿಯಿರಿ. ಅವರಿಗಿಂತ ಹೆಚ್ಚು ತಿಳಿದವರು ಈ ವಿಷಯದಲ್ಲಿ ನಮ್ಮ ಸುತ್ತ ಯಾರೂ ಇಲ್ಲ.

ಬೆಳೆ ತೆಗೆದ ಮಡಿ ಖಾಲಿ ಬಿದ್ದರೆ ಹುರುಳಿ ಅಥವಾ ಸೆಣಬು ಚೆಲ್ಲಿ. ಸೆಣಬನ್ನು ಹೂ ಬರುವ ಹೊತ್ತಿಗೆ, ಸುಮಾರು 45 ದಿನಕ್ಕೆ, ಕಡಿದು ಮಣ್ಣಿಗೆ ಸೇರಿಸಿ.

ತಿಪ್ಪೆಯಿಂದ ಬರುವ ಕಸ

ಹಸಿ ಸಗಣಿಯನ್ನು, ಅರೆ ಕೊಳೆತ ಗೊಬ್ಬರವನ್ನು ಮಡಿಗೆ ಹಾಕಬೇಡಿ. ದನ ತಿಂದ ಹುಲ್ಲಿನ ಬೀಜ ಹೊಟ್ಟೆಯಲ್ಲಿ ಸಾಯದೆ ಸಗಣಿಯಲ್ಲೇ ಹೊರಬರುತ್ತದೆ. ಗೌಳಿಗರ ದಡ್ಡಿಯಿಂದ ಎಮ್ಮೆ ಗೊಬ್ಬರ ಕೊಳ್ಳುವವರು ಕಳೆದ ವರ್ಷದ್ದನ್ನು ಕೇಳಿ ಕೊಳ್ಳಿ. ಮನೆಯ ತಿಪ್ಪೆಯನ್ನು ಎದೆಯೆತ್ತರ ಪೇರಿಸಿ, ತೇವ ಇಟ್ಟು, ತಿಂಗಳಿಗೊಮ್ಮೆ ಒಳಗಿನದು ಹೊರಗೆ ಹೊರಗಿನದು ಒಳಗೆ ಬರುವಂತೆ ಮಗುಚಿ. ಒಳಗೆ ಕೈಯಿಟ್ಟರೆ ಸುಡುವಷ್ಟು ಕಾವು ಏರಬೇಕು, ಕಸದ ಬೀಜ ಸಾಯುವುದು ಆ ಕಾವಿಗೆ. ವರ್ಷವಿಡೀ ತೆಳ್ಳಗೆ ಹರಡಿಕೊಂಡ ತಿಪ್ಪೆ ಕಸದ ಬೀಜದ ಉಗ್ರಾಣ.

ಯಾವಾಗ ಏನು

ರೋಹಿಣಿ ಮಳೆಗೆ, ಅಂದರೆ ಮೇ 25ರಿಂದೀಚೆಗೆ, ಸೌತೆ, ಮೊಗೆ, ಹೀರೆ, ಪಡುವಲ, ಹಾಗಲ, ಕುಂಬಳ, ಬೆಂಡೆ ಊರಿ. ಬಳ್ಳಿಗೆ ಚಪ್ಪರ ಮೊದಲೇ ಇರಲಿ. ಜೋಯಿಡಾದಲ್ಲಿ ಮಳೆಗಾಲದ ಟೊಮೆಟೊ ಹಟಕ್ಕೆ ಬೀಳಬೇಡಿ. ಟೊಮೆಟೊ, ಬದನೆ, ಮೆಣಸಿನ ಸಸಿಯನ್ನು ಸೆಪ್ಟೆಂಬರಿನಲ್ಲಿ ಮಾಡಿ, ಅಕ್ಟೋಬರಿನಲ್ಲಿ ನೆಡಿ. ಹರಿವೆ, ಮೂಲಂಗಿ, ಮೆಂತೆ, ನವಿಲುಕೋಸು, ಬಸಳೆ ದೀಪಾವಳಿಯ ಸುತ್ತ.

ಹಸಿರಾಗಿದ್ದ ಟೊಮೆಟೊ ಗಿಡ ಒಂದೇ ದಿನದಲ್ಲಿ ಜೋತುಬಿದ್ದರೆ ಅದು ದುಂಡಾಣು ಸೊರಗು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಟ್ಟರೆ ಹಾಲಿನಂಥ ಎಳೆ ಇಳಿಯುತ್ತದೆ. ಮದ್ದು ಹೊಡೆಯಬೇಡಿ, ಮದ್ದಿಲ್ಲ. ಗಿಡ ಕಿತ್ತು ಸುಡಿ, ಆ ಮಡಿಯಲ್ಲಿ ಮೂರು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಹಾಕಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ತಳಿ ಈ ಸೊರಗನ್ನು ತಡೆಯುತ್ತದೆ. ಬೆಂಡೆಯಲ್ಲಿ ಹಳದಿ ನರದ ರೋಗಕ್ಕೆ ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ಇದೆ.

ಹೈಬ್ರಿಡ್ ಹಣ್ಣಿನ ಬೀಜ ಎತ್ತಿಡಬೇಡಿ, ತಾಯಿಯ ಗುಣ ಬರುವುದಿಲ್ಲ. ಊರ ತಳಿಯಾದರೆ ಮೊದಲ ಒಳ್ಳೆಯ ಕಾಯಿಯನ್ನು ಬಳ್ಳಿಯಲ್ಲೇ ಬಲಿಯಲು ಬಿಡಿ, ಬೂದಿ ಬೆರೆಸಿ ಬೀಜ ಇಡಿ. ಊರ ಬೀಜ ಸಿಗದವರು ಶಿರಸಿಯ ‘ವನಸ್ತ್ರೀ’ ಬಳಗದ ಹೆಂಗಸರಲ್ಲಿ ವಿಚಾರಿಸಿ, ಅವರು 2001ರಿಂದ ಮಲೆನಾಡಿನ ಹಿತ್ತಲ ಬೀಜಗಳನ್ನು ಉಳಿಸುತ್ತ ಬಂದಿದ್ದಾರೆ.

ಹುಳಕ್ಕೆ ಬೇವಿನ ಬೀಜ ಲೀಟರಿಗೆ 50 ಗ್ರಾಂ ಜಜ್ಜಿ ರಾತ್ರಿ ನೆನೆಸಿ, ಸೋಸಿ, ಸಂಜೆ ಹೊಡೆಯಿರಿ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ. ಹಸಿಯಾಗಿ ತಿನ್ನುವ ಕೊತ್ತಂಬರಿಗೆ ಬೇಡ.

ಕಾಡಂಚಿನ ಹಿತ್ತಲಿಗೆ

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನಿಂದ ತರಗೆಲೆ, ಬಿದಿರು ತರಬೇಡಿ, ಅದು ಅಪರಾಧ. ಇನ್ನೂ ಒಂದು ಕಾರಣವಿದೆ. ಡಿಸೆಂಬರಿನಿಂದ ಮೇವರೆಗೆ ಕಾಡಿನ ತರಗೆಲೆಯಲ್ಲಿ ಉಣುಗು ಇರುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ನಮ್ಮದೇ ಜಿಲ್ಲೆಯ ಸಿದ್ದಾಪುರದಲ್ಲಿ ಜೀವ ತೆಗೆದಿದೆ. ಹಿತ್ತಲ ಹತ್ತಿರ ಮಂಗ ಸತ್ತು ಬಿದ್ದರೆ ಮುಟ್ಟಬೇಡಿ, ಆರೋಗ್ಯ ಕೇಂದ್ರಕ್ಕೂ ಅರಣ್ಯ ಇಲಾಖೆಗೂ ತಿಳಿಸಿ.

ಹಂದಿ ಗೆಡ್ಡೆ ಅಗೆಯುತ್ತದೆಂದು ಬೇಲಿಗೆ ಮನೆಯ ಕರೆಂಟು ಕೊಡಬೇಡಿ. ಸಾಯುವುದು ಹಂದಿಯೊಂದೇ ಅಲ್ಲ, ಬೆಳಗಿನ ಜಾವ ಹೊರಗೆ ಹೋದ ಮನೆಯ ಮಗನೂ ಆಗಬಹುದು. ಒತ್ತಾಗಿ ಹೆಣೆದ ಬಿದಿರ ಬೇಲಿ, ಬುಡಕ್ಕೆ ಕಲ್ಲು, ಇದು ಸಾಕು. ಭತ್ತ ತೆನೆಗಟ್ಟುವ ಅಕ್ಟೋಬರಿನಿಂದ ಆನೆ ಬರುವ ಮುಂಡಗೋಡ, ಹಳಿಯಾಳದ ಊರುಗಳಲ್ಲಿ ಹಣ್ಣಾದ ಬಾಳೆಗೊನೆಯನ್ನು ಹಿತ್ತಲಲ್ಲಿ ಬಿಡಬೇಡಿ, ಬಲಿತ ಕೂಡಲೇ ಕಡಿದು ಒಳಗಿಡಿ. ಆನೆ ಬಂದರೆ ಪಟಾಕಿ ಹಿಡಿದು ಹಿಂದೆ ಓಡಬೇಡಿ, ಅರಣ್ಯ ಇಲಾಖೆಗೆ ಫೋನು ಮಾಡಿ.

ಕಿತ್ತ ಕಸಕ್ಕೆ, ತರಗೆಲೆಗೆ ಬೇಸಿಗೆಯಲ್ಲಿ ಬೆಂಕಿ ಇಡಬೇಡಿ. ಫೆಬ್ರುವರಿಯಿಂದ ಮೊದಲ ಮಳೆಯವರೆಗೆ ಕಾಡು ಒಣಗಿ ನಿಂತಿರುತ್ತದೆ, ಹಿತ್ತಲ ಕಿಡಿ ಬೇಲಿ ದಾಟಿದರೆ ಹಿಡಿಯುವವರಿಲ್ಲ. ಬೇಲಿಗುಂಟ ಅದರ ಬುಡದಿಂದ ಮೂರು ನಾಲ್ಕು ಅಡಿ ಅಗಲ ಕಸ ಸವರಿ ಇಟ್ಟರೆ ಬೆಂಕಿಗೂ ತಡೆ, ಹಾವು ಬಂದರೂ ಕಾಣುತ್ತದೆ. ಕತ್ತಲಾದ ಮೇಲೆ ಹಿತ್ತಲಿಗೆ ಟಾರ್ಚ್ ಇಲ್ಲದೆ ಇಳಿಯಬೇಡಿ, ಮುಚ್ಚಿಗೆಯೊಳಗೆ ಬರಿಗೈ ಹಾಕಬೇಡಿ.

ಮೃಗಶಿರಾ ಮಳೆ ಜೂನ್ 7 ಅಥವಾ 8ಕ್ಕೆ ಹೂಡುತ್ತದೆ. ಅಷ್ಟರೊಳಗೆ ಮಡಿಯನ್ನು ಎರಡು ಸಲ ಕೆರೆದಿರಬೇಕು, ರವದಿಯೋ ಎಲೆಯೋ ಮಡಿಯ ಪಕ್ಕದಲ್ಲಿ ಪೇರಿಸಿರಬೇಕು, ಮನೆಯಲ್ಲಿ ಕಳೆನಾಶಕದ ಬಾಟಲಿ ಇದ್ದರೆ ಅದು ಹಿತ್ತಲ ಬಾಗಿಲಿನಿಂದ ದೂರ, ಬೀಗದೊಳಗೆ ಇರಬೇಕು.